ಮಳೆಗಾಲದ ನಲ್ಲಿ ನೀರು ಮತ್ತು ಕ್ಲೋರಿನ್: ಉಪೋತ್ಪನ್ನಗಳನ್ನು ಮನೆಯಲ್ಲೇ ತಗ್ಗಿಸುವ ಕ್ರಮ

ಪ್ರತಿ ವರ್ಷ ಆರಿದ್ರಾ ಮಳೆ ಹಿಡಿದು ತುಂಗೆ ಕೆಂಪಾಗುವ ಹೊತ್ತಿಗೆ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಬರತೊಡಗುತ್ತದೆ. ನಲ್ಲಿ ನೀರಿನಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ ಬರುತ್ತಿದೆ, ಕ್ಲೋರಿನ್ ಹಾಕಿದ ನೀರಿನಿಂದ ಕ್ಯಾನ್ಸರ್ ಬರುತ್ತದೆಂದು ಎಲ್ಲೋ ಓದಿದೆವು, ಈ ನೀರನ್ನು ಕುಡಿಯಬಹುದೇ ಅಥವಾ ಗುಡ್ಡದ ಅಬ್ಬಿ ನೀರನ್ನೇ ತಂದುಕೊಳ್ಳುವುದು ಒಳ್ಳೆಯದೇ ಎಂಬುದು ಆ ಪ್ರಶ್ನೆ. ಶಿವಮೊಗ್ಗದಿಂದಲೂ ತೀರ್ಥಹಳ್ಳಿ, ಸಾಗರ, ಹೊಸನಗರಗಳಿಂದಲೂ ಇದನ್ನೇ ಕೇಳುತ್ತಿರುವುದರಿಂದ, ಈ ಬಾರಿ ಹಂತ ಹಂತವಾಗಿ ಉತ್ತರಿಸುತ್ತೇನೆ.

ಮೊದಲು ಹೇಳಬೇಕಾದದ್ದು ಒಂದಿದೆ. ಭಯಪಟ್ಟು ಕ್ಲೋರಿನ್ ಬಿಡಬೇಡಿ. ವಾಂತಿಭೇದಿ, ವಿಷಮಶೀತ ಜ್ವರ, ನೀರಿನಿಂದ ಹರಡುವ ಕಾಮಾಲೆ ಇವು ಒಂದು ತಂಬಿಗೆ ಕೆಟ್ಟ ನೀರಿನಿಂದ ಕೆಲವೇ ದಿನ ಅಥವಾ ವಾರಗಳಲ್ಲಿ ಬರಬಹುದಾದ ಕಾಯಿಲೆಗಳು. ಕ್ಲೋರಿನ್ ನೀರಿನಲ್ಲಿರುವ ಸಾವಯವ ವಸ್ತುಗಳೊಂದಿಗೆ ಸೇರಿದಾಗ ಹುಟ್ಟುವ ಉಪೋತ್ಪನ್ನಗಳ ಅಪಾಯವಾದರೋ ಹಲವು ದಶಕಗಳ ಸೇವನೆಯ ಲೆಕ್ಕದ್ದು, ಮತ್ತು ಅದಕ್ಕಿಂತ ಬಹಳ ಚಿಕ್ಕದು. ಉಪೋತ್ಪನ್ನಗಳನ್ನು ತಗ್ಗಿಸುವ ಯಾವ ಪ್ರಯತ್ನವೂ ಸೋಂಕುನಿವಾರಣೆಯನ್ನು ದುರ್ಬಲಗೊಳಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ಕೆಲಸ ಕ್ಲೋರಿನ್ ತೆಗೆಯುವುದಲ್ಲ; ಕ್ಲೋರಿನ್‌ಗೆ ಸಿಗುವ ಎಲೆರಸವನ್ನೂ (ಕೊಳೆತ ಎಲೆಗಳಿಂದ ನೀರಿಗಿಳಿಯುವ ಕಂದು ರಸ) ಅವೆರಡೂ ಒಟ್ಟಿಗೆ ಕಳೆಯುವ ಸಮಯವನ್ನೂ ಕಡಿಮೆ ಮಾಡುವುದು, ಮತ್ತು ಕುಡಿಯುವ ಮುನ್ನ ಉಳಿದುದನ್ನು ಬೇರ್ಪಡಿಸುವುದು.

ಈ ಉಪೋತ್ಪನ್ನಗಳು ಯಾವುವು?

ಕಾಡಿನ ನೆಲದಲ್ಲಿ ಬಿದ್ದ ದರಗು, ಅಂದರೆ ಒಣಗಿದ ಎಲೆಗಳು, ಕೊಳೆತಾಗ ಅದರಿಂದ ಚಹಾದ ಡಿಕಾಕ್ಷನ್‌ನಂತೆ ಕಂದು ಬಣ್ಣದ ರಸವೊಂದು ನೀರಿಗಿಳಿಯುತ್ತದೆ. ಇದರಲ್ಲಿರುವ ಹ್ಯೂಮಿಕ್ ಮತ್ತು ಫಲ್ವಿಕ್ ಆಮ್ಲಗಳೆಂಬ ಸಾವಯವ ವಸ್ತುಗಳು ತಾವಾಗಿ ಹಾನಿಕರವಲ್ಲ. ಆದರೆ ಅವು ಕ್ಲೋರಿನ್‌ನೊಂದಿಗೆ ಸೇರಿದಾಗ ಹೊಸ ಸಂಯುಕ್ತಗಳು ಹುಟ್ಟುತ್ತವೆ. ಇವನ್ನೇ ಸೋಂಕುನಿವಾರಣಾ ಉಪೋತ್ಪನ್ನಗಳು ಎನ್ನುತ್ತಾರೆ. ಇವುಗಳಲ್ಲಿ ಎರಡು ಕುಟುಂಬಗಳನ್ನು ನೀವು ತಿಳಿದಿದ್ದರೆ ಸಾಕು. ಮೊದಲನೆಯದು ಟ್ರೈಹಾಲೋಮೀಥೇನ್‌ಗಳು: ಕ್ಲೋರೋಫಾರಂ, ಬ್ರೋಮೋಡೈಕ್ಲೋರೋಮೀಥೇನ್, ಡೈಬ್ರೋಮೋಕ್ಲೋರೋಮೀಥೇನ್ ಮತ್ತು ಬ್ರೋಮೋಫಾರಂ ಎಂಬ ನಾಲ್ಕು, ಸುಲಭವಾಗಿ ಆವಿಯಾಗುವಂಥವು. ಎರಡನೆಯದು ಹಾಲೋಅಸಿಟಿಕ್ ಆಮ್ಲಗಳು, ಇವು ಆವಿಯಾಗುವುದಿಲ್ಲ. ಈ ಒಂದು ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಕುದಿಸುವ ಹಂತದಲ್ಲಿ ಅದು ಬೇಕಾಗುತ್ತದೆ.

ಕ್ಲೋರಿನ್ ಹಾಕಿದ ಕುಡಿಯುವ ನೀರಿನಲ್ಲಿ ಕ್ಲೋರೋಫಾರಂ ಹೇಗೆ ಹುಟ್ಟುತ್ತದೆಂಬುದನ್ನು 1974ರಲ್ಲಿ ರಾಟರ್‌ಡ್ಯಾಮ್ ನಗರದ ನೀರಿನ ರಸಾಯನಶಾಸ್ತ್ರಜ್ಞ ಯೋಹಾನೆಸ್ ರೂಕ್ ತೋರಿಸಿಕೊಟ್ಟರು. ಆಮೇಲೆ ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ದೊಡ್ಡ ಪ್ರಮಾಣದ ಕ್ಲೋರೋಫಾರಂ ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ ಗಡ್ಡೆ ಉಂಟುಮಾಡಿದ್ದು ಕಂಡುಬಂದಿತು. ಮನುಷ್ಯರ ವಿಷಯದಲ್ಲಿ, ಇಂಥ ನೀರನ್ನು ಹಲವು ದಶಕ ಬಳಸಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಸ್ವಲ್ಪ ಹೆಚ್ಚಿರುವಂತೆ ಹಲವು ಅಧ್ಯಯನಗಳು ಸೂಚಿಸಿವೆ. ಗರ್ಭಿಣಿಯರ ಮೇಲಿನ ಪರಿಣಾಮದ ಕುರಿತ ಅಧ್ಯಯನಗಳ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಲೋರೋಫಾರಂ ಅನ್ನು 2ಬಿ ಗುಂಪಿನಲ್ಲಿ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಸಾಲಿನಲ್ಲಿ ಇರಿಸಿತು. ಆದರೆ ಕ್ಲೋರಿನ್ ಹಾಕಿದ ಕುಡಿಯುವ ನೀರನ್ನೇ ಪರಿಶೀಲಿಸಿದಾಗ, 1991ರಲ್ಲಿ, ಅದನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಲು ಆಧಾರ ಸಾಲದೆಂದು ಹೇಳಿತು. ನಿರ್ಲಕ್ಷಿಸುವ ವಿಷಯವಲ್ಲ, ನಿದ್ದೆಗೆಡಬೇಕಾದ ವಿಷಯವೂ ಅಲ್ಲ.

ಬೇಕಾಗುವ ವಸ್ತುಗಳು

ಉಳಿಕೆ ಕ್ಲೋರಿನ್ ಅಳೆಯುವ ಒಂದು ಚಿಕ್ಕ ಕಿಟ್, ಅಗಲ ಬಾಯಿಯ ಪಾತ್ರೆ, ಮುಚ್ಚಳ ಮತ್ತು ನಲ್ಲಿ ಎರಡೂ ಇರುವ ಶೇಖರಣೆಯ ಪಾತ್ರೆ, ಸಾಧ್ಯವಿದ್ದರೆ ಸಕ್ರಿಯ ಇಂಗಾಲದ ಶೋಧಕ. ಬಾವಿ ಇರುವವರಿಗೆ ಅಳತೆ ಪಟ್ಟಿ ಮತ್ತು ಗ್ರಾಂ ತೂಗುವ ಅಡುಗೆಮನೆಯ ತಕ್ಕಡಿಯೂ ಬೇಕು. ದುಬಾರಿ ಯಂತ್ರ ಯಾವುದೂ ಅಗತ್ಯವಿಲ್ಲ.

1. ನಿಮ್ಮ ನೀರು ಎಲ್ಲಿಂದ, ಎಷ್ಟು ದೂರದಿಂದ ಬರುತ್ತದೆಂದು ತಿಳಿದುಕೊಳ್ಳಿ

ಗಂಗಾಮೂಲದಿಂದ ಶೃಂಗೇರಿ, ತೀರ್ಥಹಳ್ಳಿಗಳನ್ನು ಹಾದು ಗಾಜನೂರಿಗೆ ಬರುವವರೆಗೆ ತುಂಗೆಯ ಹಾದಿಯೆಲ್ಲ ಕಾಡು, ಅಡಿಕೆ ತೋಟ ಮತ್ತು ಸೊಪ್ಪಿನ ಬೆಟ್ಟಗಳ ನಡುವಿನದು. ಬೇಸಿಗೆಯಿಡೀ ನೆಲದಲ್ಲಿ ಕೂತಿದ್ದ ದರಗನ್ನು ಮುಂಗಾರಿನ ಮೊದಲ ಜೋರು ಮಳೆಗಳು ತೊಳೆದು ತರುವುದರಿಂದ, ನೀರಿನಲ್ಲಿ ಸಾವಯವ ವಸ್ತು ಹೆಚ್ಚಾಗುವುದು ಆಗಲೇ. ಅದೇ ಹೊತ್ತಿಗೆ ರೋಗಾಣುಗಳೂ ಹೆಚ್ಚುವುದರಿಂದ ಶುದ್ಧೀಕರಣ ಘಟಕದವರು ಕ್ಲೋರಿನ್ ಹೆಚ್ಚಿಸಬೇಕಾಗುತ್ತದೆ. ಎರಡೂ ಒಟ್ಟಿಗೆ ಹೆಚ್ಚುವ ಈ ವಾರಗಳಲ್ಲಿಯೇ ನೀವು ಕೆಳಗಿನ ಕ್ರಮಗಳನ್ನು ತಪ್ಪದೆ ಪಾಲಿಸಬೇಕು.

ಕೊಳವೆಬಾವಿಯ ನೀರಿನಲ್ಲಿ ಎಲೆರಸ ಸಾಮಾನ್ಯವಾಗಿ ಕಡಿಮೆ, ಆದ್ದರಿಂದ ಉಪೋತ್ಪನ್ನವೂ ಕಡಿಮೆ. ನದಿ, ಕೆರೆ, ತೆರೆದ ಬಾವಿ ಮತ್ತು ದಂಬೆ ನೀರಿನಲ್ಲಿ (ಗುಡ್ಡದಿಂದ ಅಡಿಕೆ ಮರದ ದೋಣಿಯಲ್ಲಿ ಹರಿಸಿ ತರುವ ನೀರು) ಹೆಚ್ಚು.

ದೂರವನ್ನೂ ಗಮನಿಸಿ. ಕ್ಲೋರಿನ್ ಮತ್ತು ಸಾವಯವ ವಸ್ತು ಕೊಳವೆಯೊಳಗೆ ಒಟ್ಟಿಗಿದ್ದಷ್ಟು ಹೊತ್ತೂ ಪ್ರತಿಕ್ರಿಯೆ ನಡೆಯುತ್ತಲೇ ಇರುತ್ತದೆ. ಹಾಗಾಗಿ ಬಡಾವಣೆಯ ಕಟ್ಟಕಡೆಯ ಮನೆಗೆ ಬರುವ ನೀರಿನಲ್ಲಿ ಕ್ಲೋರಿನ್ ಕಡಿಮೆಯಿದ್ದು, ಟ್ರೈಹಾಲೋಮೀಥೇನ್ ಹೆಚ್ಚಿರಬಹುದು.

ಎಚ್ಚರಿಕೆ: ಮೂಗನ್ನು ನಂಬಬೇಡಿ. ಕ್ಲೋರಿನ್ ವಾಸನೆ ಜೋರಾಗಿದ್ದರೆ ಉಪೋತ್ಪನ್ನವೂ ಜೋರೆಂದು, ವಾಸನೆ ಇಲ್ಲದಿದ್ದರೆ ಎರಡೂ ಇಲ್ಲವೆಂದು ಹೆಚ್ಚಿನವರು ತಿಳಿದಿದ್ದಾರೆ. ಮೇಲೆ ಹೇಳಿದ ಕಾರಣದಿಂದ ಇದು ತಿರುವುಮುರುವಾಗಿರುವ ಸಾಧ್ಯತೆಯೇ ಹೆಚ್ಚು.

2. ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಅಳೆಯಿರಿ

ರೋಗಾಣುಗಳನ್ನು ಕೊಂದ ಮೇಲೂ ನೀರಿನಲ್ಲಿ ಕಾವಲಿಗೆ ಉಳಿಯುವ ಕ್ಲೋರಿನ್ನೇ ಉಳಿಕೆ ಕ್ಲೋರಿನ್. ಭಾರತೀಯ ಮಾನಕವಾದ ಐಎಸ್ 10500ರ 2012ರ ಆವೃತ್ತಿಯ ಪ್ರಕಾರ ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಅನಿವಾರ್ಯವಾದಾಗ 1 ಮಿಲಿಗ್ರಾಂವರೆಗೆ ಒಪ್ಪಬಹುದು. ಕಿಟ್‌ನಲ್ಲಿರುವ ಚಿಕ್ಕ ಕೊಳವೆಗೆ ಗುರುತಿನವರೆಗೆ ನೀರು ತುಂಬಿ, ದ್ರಾವಣದ ಹನಿಗಳನ್ನು ಅಥವಾ ಮಾತ್ರೆಯನ್ನು ಹಾಕಿ, ಬರುವ ಬಣ್ಣವನ್ನು ಪಟ್ಟಿಯ ಬಣ್ಣದೊಂದಿಗೆ ಹೋಲಿಸಬೇಕು. ಆರ್ಥೊಟಾಲಿಡಿನ್ ಕಿಟ್‌ನಲ್ಲಿ ಹಳದಿ, ಡಿಪಿಡಿ ಕಿಟ್‌ನಲ್ಲಿ ಗುಲಾಬಿ ಬಣ್ಣ ಬರುತ್ತದೆ. ಹಳ್ಳಿಯವರು ಗ್ರಾಮ ಪಂಚಾಯಿತಿಯಲ್ಲಿರುವ ಕ್ಷೇತ್ರ ಪರೀಕ್ಷಾ ಕಿಟ್ ಬಳಸಲು ಕೇಳಬಹುದು.

ನೇರವಾಗಿ ಬೀದಿಯ ಕೊಳವೆಯಿಂದ ಬರುವ ನಲ್ಲಿಯಲ್ಲಿ ಒಮ್ಮೆ, ಮಾಳಿಗೆ ಟ್ಯಾಂಕಿನಿಂದ ಬರುವ ನಲ್ಲಿಯಲ್ಲಿ ಒಮ್ಮೆ ಅಳೆಯಿರಿ. ಮೊದಲನೆಯದರಲ್ಲಿ ಕ್ಲೋರಿನ್ ಇದ್ದು ಎರಡನೆಯದರಲ್ಲಿ ಇಲ್ಲವಾದರೆ, ನಿಮ್ಮ ಸಂಪು ಅಥವಾ ಟ್ಯಾಂಕಿನ ಕೊಳೆಯೇ ಅದನ್ನು ತಿಂದುಹಾಕಿರುವ ಸಂಭವ ಹೆಚ್ಚು. ಬೀದಿಯ ನಲ್ಲಿಯಲ್ಲೇ ಏನೂ ಇಲ್ಲದಿದ್ದರೆ ನೀರುಗಂಟಿಗೂ ಕಚೇರಿಗೂ ತಿಳಿಸಿ, ಅದು ಸರಿಹೋಗುವವರೆಗೆ ನೀರನ್ನು ಕುದಿಸಿಯೇ ಕುಡಿಯಿರಿ.

ಎಚ್ಚರಿಕೆ: ಈ ಕಿಟ್ ಕ್ಲೋರಿನ್ ಅನ್ನು ಮಾತ್ರ ಅಳೆಯುತ್ತದೆ, ಉಪೋತ್ಪನ್ನಗಳನ್ನು ಅಳೆಯುವ ಮನೆಕಿಟ್ ಎಂದು ಯಾರಾದರೂ ಇದನ್ನು ಮಾರಲು ಬಂದರೆ ಕೊಳ್ಳಬೇಡಿ.

3. ಸಂಪು ಮತ್ತು ಟ್ಯಾಂಕನ್ನು ಮಳೆಗಾಲಕ್ಕೆ ಮುಂಚೆ ತೊಳೆಯಿರಿ

ಸಂಪಿನ ತಳದಲ್ಲಿ ಕೂತ ಮಣ್ಣು, ಪಾಚಿ, ಮುಚ್ಚಳದ ಸಂದಿಯಿಂದ ಬಿದ್ದ ಎಲೆ ಇವೆಲ್ಲ ಮನೆಯೊಳಗೇ ಇರುವ ಎಲೆರಸದ ಮೂಲಗಳು. ಮೇ ತಿಂಗಳ ಕೊನೆಯೊಳಗೆ ನೀರು ಖಾಲಿ ಮಾಡಿ, ತಳದ ಕೆಸರು ತೆಗೆದು, ಗೋಡೆಗಳನ್ನು ಬ್ರಷ್‌ನಿಂದ ಉಜ್ಜಿ, ಬ್ಲೀಚಿಂಗ್ ಪೌಡರಿನ ತೆಳು ದ್ರಾವಣದಿಂದ ಒರೆಸಿ ಸ್ವಲ್ಪ ಹೊತ್ತು ಬಿಟ್ಟು, ಎರಡು ಬಾರಿ ಶುದ್ಧ ನೀರಿನಿಂದ ತೊಳೆದು ಆ ನೀರನ್ನು ಪೂರ್ತಿ ಹೊರಹಾಕಿ. ಕೆಸರನ್ನು ತೆಗೆಯದೆಯೇ ಮೇಲಿನಿಂದ ಒಂದು ಹಿಡಿ ಪುಡಿ ಎಸೆದು ಮುಚ್ಚಳ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ ಕಡೆ ಇದೆ. ಉಪೋತ್ಪನ್ನ ತಯಾರಿಸಲು ಇದಕ್ಕಿಂತ ಅನುಕೂಲವಾದ ವಿಧಾನ ಇನ್ನೊಂದಿಲ್ಲವಾದ್ದರಿಂದ ದಯವಿಟ್ಟು ಇದನ್ನು ನಿಲ್ಲಿಸಿ.

ಎರಡು ದಿನಕ್ಕೆ ಬೇಕಾದ ನೀರಿಗಿಂತ ಬಹಳ ಹೆಚ್ಚು ಸಂಗ್ರಹಿಸಿ ವಾರಗಟ್ಟಲೆ ನಿಲ್ಲಿಸಬೇಡಿ. ಮನೆಮಂದಿ ಊರಿಗೆ ಹೋಗಿ ಬಂದ ಮೇಲೆ ಟ್ಯಾಂಕಿನ ಹಳೆಯ ನೀರನ್ನು ಗಿಡಗಳಿಗೆ ಬಿಟ್ಟು ಹೊಸದನ್ನು ತುಂಬಿಸಿ.

4. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವವರು ಲೆಕ್ಕ ಹಾಕಿ ಹಾಕಿರಿ

ಈ ಹಂತ ಹಳ್ಳಿಯ ಓದುಗರಿಗಾಗಿ, ಮತ್ತು ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಬಾವಿಯಲ್ಲಿ ತೇಲುವ ಎಲೆ, ಕಡ್ಡಿ, ನೊರೆಗಳನ್ನು ತೆಗೆಯಿರಿ. ಬಳಿಕ ಬಾವಿಯ ವ್ಯಾಸವನ್ನೂ ನಿಂತ ನೀರಿನ ಆಳವನ್ನೂ ಮೀಟರಿನಲ್ಲಿ ಅಳೆಯಿರಿ. ವ್ಯಾಸವನ್ನು ಅದರಿಂದಲೇ ಗುಣಿಸಿ, ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ, ಕೊನೆಗೆ 1000ದಿಂದ ಗುಣಿಸಿದರೆ ನೀರು ಎಷ್ಟು ಲೀಟರ್ ಎಂದು ತಿಳಿಯುತ್ತದೆ. ಉದಾಹರಣೆಗೆ, 2 ಮೀಟರ್ ವ್ಯಾಸದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 9,420 ಲೀಟರ್.

ಶೇಕಡಾ 33ರಷ್ಟು ಕ್ಲೋರಿನ್ ಇರುವ ಒಳ್ಳೆಯ ಪುಡಿಯಾದರೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಸಾಕಾಗುತ್ತದೆ. ಮೇಲಿನ ಬಾವಿಗೆ ಬೇಕಾದದ್ದು 24 ಗ್ರಾಂ ಮಾತ್ರ. ಮಳೆಗಾಲದ ಕಂದು ನೀರಿಗೆ ಇದಕ್ಕಿಂತ ಹೆಚ್ಚು ಬೇಕಾಗಬಹುದು, ಆದರೆ ಎಷ್ಟು ಹೆಚ್ಚೆಂಬುದನ್ನು ಕಿಟ್ ಹೇಳಬೇಕೇ ಹೊರತು ಊಹೆಯಲ್ಲ. ಪುಡಿಯನ್ನು ಬಕೆಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಗಂಟಿಲ್ಲದಂತೆ ಕಲಸಿ, ನೀರು ಸೇರಿಸಿ, 10 ನಿಮಿಷ ಬಿಟ್ಟರೆ ಸುಣ್ಣ ತಳದಲ್ಲಿ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಸಿದು, ಬಾವಿಯೊಳಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ ಬೆರೆಸಿ. ಒಂದು ಗಂಟೆ ಕಳೆದ ಮೇಲೆ ಉಳಿಕೆ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂ ಇದ್ದರೆ ಕೆಲಸ ಸರಿಯಾಗಿದೆ. ಸಂಜೆ ನೀರು ಸೇದುವುದು ಮುಗಿದ ಮೇಲೆ ಇದನ್ನು ಮಾಡಿದರೆ ಬೆಳಿಗ್ಗೆಗೆ ನೀರು ಸಿದ್ಧವಿರುತ್ತದೆ.

ಎಚ್ಚರಿಕೆ: ಮಲೆನಾಡಿನ ತೇವದ ಹವೆಯಲ್ಲಿ ಚೀಲ ಬಿಚ್ಚಿಟ್ಟ ಪುಡಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಹಳೆಯ ಪುಡಿಯನ್ನು ಎರಡರಷ್ಟು ಮೂರರಷ್ಟು ಸುರಿಯುವುದಕ್ಕಿಂತ ಹೊಸದನ್ನು ತಂದು, ಗಾಳಿ ಬೆಳಕು ತಾಗದ ಡಬ್ಬಿಯಲ್ಲಿ ಒಣಗಿದ ಜಾಗದಲ್ಲಿಡಿ.

5. ಇಂಗಾಲದ ಶೋಧಕವನ್ನು ಅರಿತು ಬಳಸಿ

ಮನೆಯಲ್ಲಿ ಉಪೋತ್ಪನ್ನ ತಗ್ಗಿಸಲು ಅತ್ಯಂತ ಉಪಯುಕ್ತವಾದ ಸಾಧನ ಸಕ್ರಿಯ ಇಂಗಾಲ. ತೆಂಗಿನ ಚಿಪ್ಪಿನಂಥ ವಸ್ತುವನ್ನು ವಿಶೇಷವಾಗಿ ಸುಟ್ಟು, ಅಸಂಖ್ಯ ಸೂಕ್ಷ್ಮ ರಂಧ್ರಗಳಿರುವಂತೆ ಸಿದ್ಧಪಡಿಸಿದ ಇದ್ದಿಲು ಇದು. ಕ್ಲೋರಿನ್, ಟ್ರೈಹಾಲೋಮೀಥೇನ್ ಮತ್ತು ಸ್ವಲ್ಪ ಮಟ್ಟಿಗೆ ಇತರ ಸಾವಯವ ವಸ್ತುಗಳು ಇದಕ್ಕೆ ಅಂಟಿಕೊಳ್ಳುತ್ತವೆ. ಒಲೆಯ ಇದ್ದಿಲನ್ನು ಬಟ್ಟೆಯಲ್ಲಿ ಕಟ್ಟಿ ಹಾಕಿದರೆ ಈ ಕೆಲಸವಾಗುವುದಿಲ್ಲ.

ಇಲ್ಲಿ ಮೂರು ತಪ್ಪುಗಳು ಸಾಮಾನ್ಯ. ಕಾರ್ಟ್ರಿಜ್, ಅಂದರೆ ಇಂಗಾಲ ತುಂಬಿದ ಉರುಳೆ, ತನ್ನ ಶಕ್ತಿ ಮುಗಿದ ಮೇಲೂ ವರ್ಷಗಟ್ಟಲೆ ಹಾಗೇ ಇರುತ್ತದೆ. ಕ್ಲೋರಿನ್ ವಾಸನೆ ಮರಳಿ ಬಂದಾಗ ಬದಲಿಸಿದರಾಯಿತು ಎಂದುಕೊಳ್ಳಬೇಡಿ, ಏಕೆಂದರೆ ಇಂಗಾಲವು ಕ್ಲೋರೋಫಾರಂ ಹಿಡಿಯುವ ಶಕ್ತಿಯನ್ನು ಕ್ಲೋರಿನ್ ಹಿಡಿಯುವ ಶಕ್ತಿಗಿಂತ ಬಹಳ ಮುಂಚೆಯೇ ಕಳೆದುಕೊಳ್ಳುತ್ತದೆ. ತಯಾರಕರು ಹೇಳಿದ ಲೀಟರ್ ಅಥವಾ ತಿಂಗಳ ಲೆಕ್ಕ ಮುಗಿಯುವ ಮುನ್ನವೇ ಬದಲಿಸಿ. ಎರಡನೆಯದಾಗಿ, ಇಂಗಾಲದಿಂದ ಹೊರಬಂದ ನೀರಿನಲ್ಲಿ ಕಾವಲು ಕ್ಲೋರಿನ್ ಇರುವುದಿಲ್ಲವಾದ್ದರಿಂದ ಅದನ್ನು ಕುದಿಸಬೇಕು ಇಲ್ಲವೇ ನೇರಳಾತೀತ ದೀಪದ ಕೋಣೆಯ ಮೂಲಕ ಹಾಯಿಸಬೇಕು, ಮತ್ತು ಅದೇ ದಿನ ಬಳಸಬೇಕು. ಇದೇ ಕಾರಣಕ್ಕೆ ಇಂಗಾಲದ ಶೋಧಕವನ್ನು ಸಂಪಿಗೆ ಮುಂಚೆ ಜೋಡಿಸಬಾರದು, ಕುಡಿಯುವ ನಲ್ಲಿಗೆ ಮಾತ್ರ ಜೋಡಿಸಬೇಕು.

ಮೂರನೆಯದು ಆರ್‌ಒ ಯಂತ್ರದ ವಿಷಯ. ಗಂಗಾ ಸ್ನಾನ ತುಂಗಾ ಪಾನ ಎಂಬ ಮಾತು ಬೆಳೆದದ್ದು ಈ ನೀರಿನ ಮೃದುತ್ವ ಮತ್ತು ರುಚಿಗಾಗಿ. ಕರಗಿದ ಲವಣ ಮೊದಲೇ ಕಡಿಮೆಯಿರುವ ಹೊಳೆಯ ನೀರಿಗೆ ಲವಣ ತೆಗೆಯುವ ಯಂತ್ರದ ಅಗತ್ಯವಿಲ್ಲ. ಆರ್‌ಒ ಪೊರೆ ಕ್ಲೋರೋಫಾರಂನಂಥ ಚಿಕ್ಕ ಅಣುಗಳನ್ನು ಸರಿಯಾಗಿ ತಡೆಯುವುದಿಲ್ಲ. ಅಂಥ ಯಂತ್ರದಲ್ಲಿ ಆ ಕೆಲಸ ಮಾಡುವುದು ಪೊರೆಯ ಹಿಂದೆ ಮುಂದೆ ಇರುವ ಇಂಗಾಲವೇ. ಮಾರಾಟಗಾರರು ಟಿಡಿಎಸ್ ಮೀಟರ್ ಅದ್ದಿ ತೋರಿಸುವ ಅಂಕಿ ಲವಣಗಳದ್ದು, ಉಪೋತ್ಪನ್ನಗಳದ್ದಲ್ಲ. ಎರಡು ಕಡ್ಡಿಗಳಿಗೆ ವಿದ್ಯುತ್ ಹಾಯಿಸಿ ಲೋಟದಲ್ಲಿ ಕಂದು ಕೆಸರು ಬರಿಸುವ ಪ್ರದರ್ಶನವನ್ನಂತೂ ನೋಡಿ ಹೆದರಲೇಬೇಡಿ. ಆ ಕೆಸರು ಕರಗಿದ ಕಬ್ಬಿಣದ ಕಡ್ಡಿಯದ್ದು. ನಮ್ಮ ಮನೆಯಲ್ಲೇ ಇಂಥ ಪ್ರದರ್ಶನ ಕಂಡು ಹಿರಿಯರೊಬ್ಬರು ಎರಡು ದಿನ ನೀರು ಕುಡಿಯಲು ಹಿಂಜರಿದಿದ್ದರು.

ತಾಮ್ರದ ಬಿಂದಿಗೆಯಾಗಲಿ, ನೇರಳಾತೀತ ದೀಪವಾಗಲಿ ಉಪೋತ್ಪನ್ನಗಳನ್ನು ತೆಗೆಯುತ್ತದೆಂದು ನಂಬಬೇಡಿ.

6. ಮುಚ್ಚಳ ತೆರೆದು ಕುದಿಸಿ, ಮುಚ್ಚಿ ಆರಿಸಿ

ಕ್ಲೋರೋಫಾರಂ ಸುಮಾರು 61 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ವಸ್ತು. ಆದ್ದರಿಂದ ಅಗಲ ಬಾಯಿಯ ಪಾತ್ರೆಯಲ್ಲಿ ಮುಚ್ಚಳವಿಲ್ಲದೆ, ಕಿಟಕಿ ತೆರೆದು, ನೀರು ಮಳ್ಳಿ ಮಳ್ಳಿ ಐದು ನಿಮಿಷ ಕುದಿಯಲು ಬಿಟ್ಟರೆ ಟ್ರೈಹಾಲೋಮೀಥೇನ್‌ನ ಬಹುಪಾಲು ಹಬೆಯೊಂದಿಗೆ ಹೊರಟುಹೋಗುತ್ತದೆ, ರೋಗಾಣುಗಳೂ ಸಾಯುತ್ತವೆ. ಬಳಿಕ ಮುಚ್ಚಳ ಹಾಕಿ ಆರಿಸಿ, ನಲ್ಲಿ ಇರುವ ಪಾತ್ರೆಯಲ್ಲಿ ತುಂಬಿ. ಲಾವಂಚ, ಜೀರಿಗೆ ಹಾಕುವ ರೂಢಿಯಿದ್ದವರು ಕೊನೆಯಲ್ಲಿ ಹಾಕಿಕೊಳ್ಳಲಿ.

ಎಚ್ಚರಿಕೆ: ಹಾಲೋಅಸಿಟಿಕ್ ಆಮ್ಲಗಳು ಆವಿಯಾಗುವುದಿಲ್ಲ ಎಂದು ಆರಂಭದಲ್ಲಿ ಹೇಳಿದ್ದೆ. ಅರ್ಧ ಗಂಟೆ ಕುದಿಸಿ ನೀರನ್ನು ಅರ್ಧಕ್ಕೆ ಇಳಿಸಿದರೆ ಇವುಗಳಲ್ಲಿ ಕೆಲವು ಸಾಂದ್ರವಾಗುತ್ತವೆ. ಹೆಚ್ಚು ಕುದಿಸಿದಷ್ಟೂ ಒಳ್ಳೆಯದೆಂಬುದು ಇಲ್ಲಿ ಸಲ್ಲದು. ಮೊದಲು ಇಂಗಾಲ, ನಂತರ ಐದು ನಿಮಿಷದ ಕುದಿತ ಎಂಬ ಅನುಕ್ರಮವೇ ನನ್ನ ದೃಷ್ಟಿಯಲ್ಲಿ ಮನೆಗೆ ಸಾಕಾಗುವ ವ್ಯವಸ್ಥೆ.

ನೀರನ್ನು ರಾತ್ರಿಯಿಡೀ ತೆರೆದ ಕೊಡದಲ್ಲಿಟ್ಟರೆ ಕ್ಲೋರಿನ್ ಹೋಗುತ್ತದೆ ಎಂದು ಕೆಲವರು ಬರೆಯುತ್ತಾರೆ. ಸ್ವಲ್ಪ ಹೋಗುವುದು ನಿಜ, ಆದರೆ ಅದರೊಂದಿಗೆ ಕಾವಲೂ ಹೋಗುತ್ತದೆ, ಧೂಳು ಕೀಟಗಳು ಬೀಳುತ್ತವೆ.

7. ಬಚ್ಚಲುಮನೆಯ ಗವಾಕ್ಷಿ ತೆರೆದಿರಲಿ

ಟ್ರೈಹಾಲೋಮೀಥೇನ್ ಬಾಯಿಯಿಂದ ಮಾತ್ರವಲ್ಲ, ಉಸಿರಿನಿಂದಲೂ ಚರ್ಮದಿಂದಲೂ ದೇಹ ಸೇರುತ್ತದೆ. ಬಿಸಿನೀರಿನ ಸ್ನಾನದಲ್ಲಿ ಹೀಗೆ ಸೇರುವ ಪ್ರಮಾಣವು ಕುಡಿಯುವುದರಿಂದ ಸೇರುವುದಕ್ಕೆ ಸರಿಸಮವಾಗಬಲ್ಲದು. ಮಳೆಗಾಲದಲ್ಲಿ ಥಂಡಿಯೆಂದು ಬಾಗಿಲು ಕಿಟಕಿ ಎಲ್ಲ ಭದ್ರಪಡಿಸಿ, ಹಂಡೆಯ ಕುದಿನೀರಿನ ಹಬೆಯಲ್ಲಿ ಬಹಳ ಹೊತ್ತು ಕೂರುವುದು ನಮ್ಮ ಕಡೆಯ ಸುಖವೇ ಸರಿ. ಹಬೆ ಹೊರಹೋಗಲು ಒಂದು ದಾರಿಯನ್ನಾದರೂ ಬಿಡಿ. ಹಂಡೆಯ ಮುಚ್ಚಳವನ್ನು ಸ್ನಾನಕ್ಕೆ ಕೆಲವು ನಿಮಿಷ ಮುಂಚೆ ತೆರೆದಿಟ್ಟು, ಮೊದಲ ಹಬೆ ಹೋದ ಮೇಲೆ ಒಳಗೆ ಹೋಗುವುದು ಇನ್ನೂ ಒಳ್ಳೆಯದು. ಮಕ್ಕಳ ಸ್ನಾನಕ್ಕೆ ಇದನ್ನು ಮುಖ್ಯವಾಗಿ ಪಾಲಿಸಿ.

8. ಪ್ರಯೋಗಾಲಯದ ಪರೀಕ್ಷೆ ಮಾಡಿಸುವುದಾದರೆ

ಇದು ಪ್ರತಿ ಮನೆಗೆ ಬೇಕಾದದ್ದಲ್ಲ. ಒಂದು ಬಡಾವಣೆಯವರು ಸೇರಿ ಮಳೆಗಾಲದ ಆರಂಭದಲ್ಲಿ ಒಂದು, ಕಡು ಬೇಸಿಗೆಯಲ್ಲಿ ಒಂದು ಮಾದರಿಯನ್ನು ಕೊಳವೆಯ ಕೊನೆಯ ಮನೆಯಿಂದ ಕಳಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ನೀರು ಬಿಸಿಯಾದಷ್ಟೂ ಪ್ರತಿಕ್ರಿಯೆ ಚುರುಕಾಗುವುದರಿಂದ ಬೇಸಿಗೆಯ ಮಾದರಿಯೂ ಬೇಕು. ಟ್ರೈಹಾಲೋಮೀಥೇನ್ ಅಳೆಯಲು ಗ್ಯಾಸ್ ಕ್ರೊಮಟೋಗ್ರಾಫ್ ಎಂಬ ಉಪಕರಣ ಬೇಕಾದ್ದರಿಂದ, ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸಿ ಒಪ್ಪುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪಟ್ಟಿಯಲ್ಲಿ ಈ ಪರೀಕ್ಷೆಯೇ ಸೇರಿದೆಯೇ ಎಂದು ಮೊದಲೇ ಕೇಳಿ.

ಮಾದರಿಗೆ ನಿಮ್ಮ ಬಾಟಲಿ ಸಲ್ಲದು. ಕ್ಲೋರಿನ್ ತಟಸ್ಥಗೊಳಿಸುವ ಪುಡಿ ಮೊದಲೇ ಹಾಕಿರುವ ಗಾಜಿನ ಸೀಸೆಯನ್ನು ಪ್ರಯೋಗಾಲಯದಿಂದಲೇ ಪಡೆದು, ಅದನ್ನು ತೊಳೆಯದೆ, ಸಣ್ಣ ಧಾರೆಯಲ್ಲಿ ಅಂಚಿನವರೆಗೆ ತುಂಬಿ, ಒಳಗೆ ಒಂದೂ ಗಾಳಿಗುಳ್ಳೆ ಉಳಿಯದಂತೆ ಮುಚ್ಚಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಕಳಿಸಬೇಕು. ಗಾಳಿಗೆ ಜಾಗವಿದ್ದರೆ ಕ್ಲೋರೋಫಾರಂ ಅಲ್ಲಿಗೆ ಸೇರಿ, ವರದಿಯಲ್ಲಿ ನೀರು ಇರುವುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ.

9. ವರದಿಯನ್ನು ಓದುವ ಬಗೆ

ಮೊದಲು ಮಾನವನ್ನು ನೋಡಿ. 1 ಮಿಲಿಗ್ರಾಂ ಎಂದರೆ 1,000 ಮೈಕ್ರೋಗ್ರಾಂ. ಇಲ್ಲಿ ಎಡವಿದರೆ ಉಳಿದದ್ದೆಲ್ಲ ತಪ್ಪಾಗುತ್ತದೆ. ಐಎಸ್ 10500ರ ಮಿತಿಗಳು ಲೀಟರಿಗೆ ಕ್ಲೋರೋಫಾರಂ 200, ಬ್ರೋಮೋಡೈಕ್ಲೋರೋಮೀಥೇನ್ 60, ಡೈಬ್ರೋಮೋಕ್ಲೋರೋಮೀಥೇನ್ 100, ಬ್ರೋಮೋಫಾರಂ 100 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಕ್ಲೋರೋಫಾರಂ ಮಾತ್ರ 300, ಉಳಿದವು ಇಷ್ಟೇ. ನಾಲ್ಕೂ ಒಟ್ಟಿಗಿರುವುದರಿಂದ ಪ್ರತಿಯೊಂದನ್ನೂ ಅದರ ಮಿತಿಯಿಂದ ಭಾಗಿಸಿ ಕೂಡಿಸಬೇಕು, ಮೊತ್ತ 1ನ್ನು ಮೀರಬಾರದು ಎಂಬುದು ಆ ಸಂಸ್ಥೆಯ ಸೂತ್ರ.

ಲೆಕ್ಕ ತಿಳಿಯಲೆಂದು ಒಂದು ಕಾಲ್ಪನಿಕ ವರದಿ ತೆಗೆದುಕೊಳ್ಳೋಣ: ಇದೇ ಕ್ರಮದಲ್ಲಿ 90, 18, 10, 2 ಮೈಕ್ರೋಗ್ರಾಂ. ಭಾರತದ ಮಿತಿಗಳಿಂದ ಭಾಗಿಸಿದರೆ 0.45, 0.3, 0.1, 0.02, ಮೊತ್ತ 0.87. ಪಾಸಾಯಿತು. ಆದರೆ ಅಮೆರಿಕದಲ್ಲಿ ನಾಲ್ಕರ ಒಟ್ಟು ಮೊತ್ತಕ್ಕೇ ವಾರ್ಷಿಕ ಸರಾಸರಿಯಲ್ಲಿ 80 ಮೈಕ್ರೋಗ್ರಾಂ ಮಿತಿಯಿದ್ದು, 120 ಇರುವ ಈ ನೀರು ವರ್ಷವಿಡೀ ಹೀಗೇ ಇದ್ದರೆ ಅಲ್ಲಿ ಸಲ್ಲುವುದಿಲ್ಲ. ಹಾಲೋಅಸಿಟಿಕ್ ಆಮ್ಲಗಳಿಗೆ ನಮ್ಮ ಮಾನಕದಲ್ಲಿ ಮಿತಿಯೇ ಇಲ್ಲ. ಅಮೆರಿಕದಲ್ಲಿ ಐದು ಆಮ್ಲಗಳ ಮೊತ್ತಕ್ಕೆ 60 ಮೈಕ್ರೋಗ್ರಾಂ ಇದೆ. ಈ ಕೊರತೆ ನೀಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

10. ನೀರು ಕೊಡುವವರನ್ನು ಕೇಳಿ

ಮನೆಯಲ್ಲಿ ನಾವು ಮಾಡುವುದೆಲ್ಲ ಕೊನೆಯ ಹಂತದ ದುರಸ್ತಿ. ಎಲೆರಸವನ್ನು ಆಲಂ (ಪಟಿಕ) ಹಾಕಿ ಗಟ್ಟಿಗಟ್ಟಿಸಿ, ತಳಕ್ಕೆ ಇಳಿಸಿ, ಮರಳಿನಲ್ಲಿ ಶೋಧಿಸಿದ ಮೇಲೆಯೇ ಕ್ಲೋರಿನ್ ಹಾಕುವುದು ಘಟಕದಲ್ಲಿ ಆಗಬೇಕಾದ ಕೆಲಸ. ನಿಮ್ಮ ಊರಿನಲ್ಲಿ ನೀರಿನ ಹೊಣೆ ಪಾಲಿಕೆಯದೋ ಪುರಸಭೆಯದೋ ಜಲಮಂಡಳಿಯದೋ ಎಂದು ತಿಳಿದು, ಅಲ್ಲಿನ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಬಗ್ಗೆ, 150 ಪದಗಳೊಳಗೆ ಇರಬೇಕು. ಉತ್ತರಕ್ಕೆ ಅವಧಿ 30 ದಿನ.

ಅರ್ಜಿಯಲ್ಲಿ ಹೀಗೆ ಕೇಳಿ: ಕಳೆದ 12 ತಿಂಗಳಲ್ಲಿ ಟ್ರೈಹಾಲೋಮೀಥೇನ್ ಪರೀಕ್ಷೆ ನಡೆದಿದ್ದರೆ ಅದರ ವರದಿಯ ಪ್ರತಿ, ಕೊಳವೆಯ ಕೊನೆಯ ಬಿಂದುಗಳಲ್ಲಿ ದಾಖಲಾದ ಉಳಿಕೆ ಕ್ಲೋರಿನ್, ನದಿಯ ಕಚ್ಚಾ ನೀರಿಗೆ ಶೋಧಿಸುವ ಮೊದಲೇ ಕ್ಲೋರಿನ್ ಹಾಕಲಾಗುತ್ತಿದ್ದರೆ ಅದರ ಪ್ರಮಾಣ ಮತ್ತು ತಿಂಗಳುಗಳು. ಮೂರರಲ್ಲಿ ಕೊನೆಯದನ್ನು ಬಿಡಬೇಡಿ, ಏಕೆಂದರೆ ಎಲೆರಸ ತುಂಬಿದ ಕಚ್ಚಾ ನೀರಿಗೆ ಮೊದಲೇ ಕ್ಲೋರಿನ್ ಸುರಿದರೆ ಉಪೋತ್ಪನ್ನಗಳು ಅಲ್ಲಿಂದಲೇ ಹುಟ್ಟತೊಡಗುತ್ತವೆ. ಅರ್ಜಿಯ ಒಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿ ಇಟ್ಟುಕೊಳ್ಳಿ, 30 ದಿನಗಳ ಎಣಿಕೆ ಆ ತಾರೀಕಿನಿಂದ ಆರಂಭವಾಗುತ್ತದೆ.